ಮೂರು ಗಂಟೆಯ ಬಿಡಿ ಎಳೆಗಳು

ಕಂಪ್ಯೂಟರಿನ ಪರದೆಯ ಮೇಲೆ ಬಂದ ಸಂಖ್ಯೆಯನ್ನು ಉಮೇಶ ಫೋನಿನಲ್ಲಿ, ಕಳುವಾದ ಬೈಕಿನ ನಂಬರು ಬರೆಸುವವನ ಹಾಗೆ, ಒಂದೊಂದಾಗಿ ಬಿಡಿಸಿ ಹೇಳಿದ. ಎರಡು, ಏಳು, ಮೂರು, ಎಂಟು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇದೆ, ಅದರಲ್ಲಿ ಸ್ಕ್ರಿಪ್ಟ್ ಅನ್ನುವ ಮಾತಿದೆ ಎಂದೂ ಸೇರಿಸಿದ. ನಾಗಶ್ರೀ ಬರೆದುಕೊಂಡಳು. ತಾನು ಬರುವವರೆಗೆ ಯಾರೂ ಏನನ್ನೂ ಒತ್ತಬೇಡಿ ಎಂದಳು.

“ಒತ್ತದೇನು ಮೇಡಂ, ಅದರ ತಾವ್ಕೆ ಓಗಕೇ ಯಾರ್ಗೂ ಧೈರ್ಯ ಇಲ್ಲ,” ಎಂದ ಉಮೇಶ.

ಭಾನುವಾರ ಅಂಗಡಿಗೆ ರಜೆ. ಆದರೂ ಅವಳು ಮಾಂಬಳ್ಳಿಯಿಂದ ಒಂಬತ್ತರ ಬಸ್ಸು ಹತ್ತಿದಳು. ಕೊಳ್ಳೇಗಾಲದಲ್ಲಿ ಅವಳದು ಕಂಪ್ಯೂಟರ್ ರಿಪೇರಿಯ ಒಂದೇ ಕೋಣೆಯ ಅಂಗಡಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಾಲ್ಕು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದು, ಪ್ರತಿ ಜೂನ್‌ನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಸಾಕಾಗಿ ಅಂಗಡಿ ತೆರೆದಿದ್ದಳು. ಪ್ರಯೋಗಶಾಲೆಯ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಉದ್ದನೆಯ ಒಂದು ನೋಟ್ ಪುಸ್ತಕ, ಅದರಲ್ಲಿ ಗೆರೆ ಹಾಕಿದ ಐದು ಕಾಲಂ: ದಿನಾಂಕ, ಯಂತ್ರ, ಲಕ್ಷಣ, ಕಾರಣ, ಮಾಡಿದ್ದು. ಎಷ್ಟೋ ಜನ ರಿಪೇರಿಯವರಿಗೆ ಯಂತ್ರ ಸರಿಹೋದರೆ ಸಾಕು. ಅವಳಿಗೆ ‘ಕಾರಣ’ದ ಕಾಲಂ ಖಾಲಿ ಉಳಿದರೆ ಊಟ ರುಚಿಸುತ್ತಿರಲಿಲ್ಲ.

ಅದೇ ಊರಿನ ದೇವಾಂಗಪೇಟೆಯಲ್ಲಿದ್ದ ಉಮೇಶನ ಮನೆಗೆ ಅವಳು ಹೊಸಬಳಲ್ಲ. ಒಂದು ತಿಂಗಳ ಹಿಂದೆ ಅವರ ಹಳೆಯ ಕಂಪ್ಯೂಟರು ಸುಟ್ಟು ವಾಸನೆ ಬಂದು ನಿಂತಾಗ, ಅದರ ಡಿಸ್ಕಿನಲ್ಲಿದ್ದ ಸೀರೆಯ ವಿನ್ಯಾಸಗಳನ್ನೆಲ್ಲ ಉಳಿಸಿ, ತನ್ನ ಅಂಗಡಿಯ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ತಂದು ಕೂರಿಸಿದವಳು ಅವಳೇ. ವಿನ್ಯಾಸಗಳಿದ್ದವು, ಅವನ್ನು ತೆರೆಯುವ ತಂತ್ರಾಂಶ ಇರಲಿಲ್ಲ. ಅದನ್ನು ಮಾರಿದ್ದ ಕಂಪನಿ ಬಾಗಿಲು ಮುಚ್ಚಿತ್ತು. ಉಮೇಶ ಅಲ್ಲಿ ಇಲ್ಲಿ ವಿಚಾರಿಸಿ, ಸೇಲಂನ ಒಬ್ಬ ನೇಕಾರನ ಹತ್ತಿರ ಅದರ ಸಿ.ಡಿ. ಇದೆಯೆಂದು ತಿಳಿದು ತರಿಸುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಹೋದ ಬುಧವಾರ ಸಿ.ಡಿ. ಬಂತು. ಹಾಕಿದರೆ ಅರ್ಧಕ್ಕೆ ನಿಂತು ಆ ಸಂಖ್ಯೆ ತೋರಿಸಿತು.

ಮುಂದಿನ ಹಜಾರದಲ್ಲೇ ಮಗ್ಗ. ಅದರ ನೆತ್ತಿಯ ಮೇಲೆ, ವಿನ್ಯಾಸಕ್ಕೆ ತಕ್ಕಂತೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಹಿಂದೆ ನೇತಾಡುತ್ತಿದ್ದ ಜಾಗದಲ್ಲಿ, ಪೆನ್ ಡ್ರೈವ್‌ನಿಂದ ವಿನ್ಯಾಸ ಓದುವ ಒಂದು ಪೆಟ್ಟಿಗೆ. ಮಗ್ಗದ ಮೇಲೆ ಐದು ಮೀಟರ್ ನೇಯ್ದು ನಿಂತ ಸೀರೆ: ಎಲೆಹಸಿರು ಒಡಲು, ಅಲ್ಲಲ್ಲಿ ಅಕ್ಕಿಕಾಳಿನಷ್ಟು ಬುಟ್ಟಾ. ಒಡಲಿನ ವಿನ್ಯಾಸ ಪೆನ್ ಡ್ರೈವಿನಲ್ಲಿ ಮೊದಲೇ ಇದ್ದುದರಿಂದ ಅಲ್ಲಿಯವರೆಗೆ ಸಾಗಿತ್ತು. ಸೆರಗಿನದು ಕಂಪ್ಯೂಟರಿನೊಳಗೇ ಉಳಿದಿತ್ತು.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಕೂಡಲೇ ಅನಸೂಯಮ್ಮ ಹತ್ತಿರ ಬಂದು, ಮಾತಿಗೂ ಮೊದಲು, ಅವಳ ತೋಳಿನ ಮೇಲಿದ್ದ ಒಂದು ದಾರವನ್ನು ಉಗುರಿನಲ್ಲಿ ತೆಗೆದು ಬೆರಳಿಗೆ ಸುತ್ತಿಕೊಂಡರು. ಉಮೇಶನ ತಾಯಿ, ಅರವತ್ತೈದು ದಾಟಿದವರು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ರೇಷ್ಮೆ ಹಾಸಿನ ಮೇಲೆ ಏಳುವ ಜುಂಗು, ಗಂಟು, ಬಿಡಿ ಎಳೆಗಳನ್ನು ಹೆಕ್ಕಿ ಹೆಕ್ಕಿ ಅವರ ಕೈಗೆ ಅದು ಉಸಿರಾಟದಂತೆ ಆಗಿಹೋಗಿತ್ತು. ಬಂದ ನೆಂಟರ ಮೈಮೇಲೂ ಒಂದು ಎಳೆ ಬಿಡುತ್ತಿರಲಿಲ್ಲ.

ಅವರ ಗಂಡ ಬಸವಯ್ಯ ಗೋಡೆಗೊರಗಿ ಕೂತಿದ್ದರು. ಎರಡೂ ಕೈ ತೊಡೆಯ ಮೇಲೆ, ಒಂದನ್ನು ಇನ್ನೊಂದು ಹಿಡಿದುಕೊಂಡಂತೆ. ಮೂರು ವರ್ಷದಿಂದ ಅವರಿಗೆ ಕೈನಡುಕ.

“ಬನ್ನಿ ಡಾಕ್ಟ್ರೇ. ರೋಗಿ ಒಳಗವ್ನೆ,” ಎಂದರು. “ನಾ ಡಿಸೈನ್ ಬರೀತಿದ್ ಗ್ರಾಫ್ ಹಾಳೆಗೆ ನಲವತ್ತು ವರ್ಷದಲ್ಲಿ ಒಂದಪ ನೆಗಡಿ ಬಂದಿರ್ನಿಲ್ಲ.”

ಆ ಮಾತು ಅವಳಿಗಲ್ಲ, ಕಂಪ್ಯೂಟರಿನ ಪಕ್ಕ ನಿಂತಿದ್ದ ಮಗನಿಗೆ. ಬುಧವಾರದಿಂದ ಅಪ್ಪ ಮಗನ ಜೊತೆ ನೇರವಾಗಿ ಮಾತಾಡಿಲ್ಲವೆಂದು ಉಮೇಶ ಆಮೇಲೆ ಪಿಸುಗುಟ್ಟಿದ. ಬೇಕಾದ್ದನ್ನೆಲ್ಲ ಗೋಡೆಗೋ ಮಗ್ಗಕ್ಕೋ ಹೇಳುತ್ತಿದ್ದರಂತೆ. ಈ ಪೆಟ್ಟಿಗೆ, ಕಂಪ್ಯೂಟರುಗಳನ್ನು ಮನೆಗೆ ತಂದವನು ಉಮೇಶ, ಅವುಗಳಲ್ಲಿ ಏನೋ ಕೈಯಾಡಿಸಿ ಕೆಡಿಸಿದವನೂ ಅವನೇ ಎಂದು ಅವರ ತೀರ್ಮಾನ. ಹಾಸು ಬಿಗಿದೇ ಹನ್ನೊಂದು ದಿನ. ಒಣಗಾಳಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಎಳೆ ಕಡಿಯುತ್ತಿವೆ. ಇನ್ನು ಕಾಯಲಾಗದು, ಸೋಮವಾರ ಬೆಳಿಗ್ಗೆ ಬರೀ ಪಟ್ಟೆಯ ಸೆರಗು ಹಾಕಿ ಸೀರೆ ಮುಗಿಸಿಬಿಡುವುದು, ಆಮೇಲೆ ಪೆಟ್ಟಿಗೆ ಇಳಿಸಿ ಕಾರ್ಡಿಗೇ ಮರಳುವುದು. ಹೀಗೆಂದು ಅವರು ಮಗ್ಗಕ್ಕೆ ಹೇಳಿಯಾಗಿತ್ತು.

ಆದರೆ ಕೈಬಿಡಲಿದ್ದ ಆ ಸೆರಗು ಯಾರದೆಂದು ನಾಗಶ್ರೀಗೆ ಗೊತ್ತಿತ್ತು. ಹಳೆಯ ಡಿಸ್ಕಿನಿಂದ ಫೈಲುಗಳನ್ನು ಉಳಿಸುವಾಗ, ಒಂದು ಫೈಲನ್ನು ಮಾತ್ರ ಎರಡೆರಡು ಸಲ ಪರೀಕ್ಷಿಸಿ ಎಂದು ಬಂದು ಕೇಳಿಕೊಂಡವರು ಅನಸೂಯಮ್ಮನೇ. ಹುಣಸೆ ಹೂವಿನ ಸೆರಗು. ಬಸವಯ್ಯ ಪ್ರಾಯದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದಿಟ್ಟದ್ದು. ಲೆಕ್ಕವಿಲ್ಲದಷ್ಟು ಕಾರ್ಡು ಬೇಕೆಂದು ಎಂದೂ ನೇಯದೆ ಬಿಟ್ಟದ್ದು. ಕಂಪ್ಯೂಟರು ಬಂದ ಮೇಲೆ ಗಂಡನ ಕೈ ಮೌಸ್ ಹಿಡಿಯಲಾರದೆ ಹೋದಾಗ ಅನಸೂಯಮ್ಮ ಹಿಡಿದರು. ಮೂರು ಮೇಲೆ, ಒಂದು ಕೆಳಗೆ, ಎರಡು ಮೇಲೆ ಎಂದು ಅವರು ಓದಿ ಹೇಳುವುದು, ಇವರು ಒಂದೊಂದೇ ಚೌಕ ಒತ್ತುವುದು. ಹೀಗೆ ಎರಡು ತಿಂಗಳು. ನಲವತ್ತೆಂಟು ವರ್ಷ ಆ ಮನೆಯಲ್ಲಿ ನೂಲು ಸುತ್ತಿ, ಹಾಸು ಹೆಕ್ಕಿ, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಹೊಸೆದು ಕೆಚ್ಚಿದ್ದರೂ ಅವರನ್ನು ಯಾರೂ ನೇಕಾರಳೆಂದು ಕರೆದಿರಲಿಲ್ಲ. ಅವರ ಕೈಯಿಂದ ಹೊರಬರಬೇಕಿದ್ದ ಮೊದಲ ವಿನ್ಯಾಸ ಅದು.

ನಾಗಶ್ರೀ ಕೂತು ಸಿ.ಡಿ.ಯನ್ನು ಮತ್ತೊಮ್ಮೆ ಹಾಕಿ ನೋಡಿದಳು. ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಅರ್ಧಕ್ಕೆ ತುಂಬಿ ನಿಂತು, ಅದೇ ಸಂಖ್ಯೆ ಬಂತು. ಈ ದೋಷ ಅವಳಿಗೆ ಪರಿಚಯವಿತ್ತು. ಹಳೆಯ ತಂತ್ರಾಂಶಗಳು ತಮ್ಮನ್ನು ಕೂರಿಸಿಕೊಳ್ಳುವಾಗ ನಡುವೆ ಒಂದು ಚೀಟಿ ತೆಗೆಯುತ್ತವೆ. ಅದರಲ್ಲಿ ಸ್ಕ್ರಿಪ್ಟಿನ ಭಾಷೆಯಲ್ಲಿ ಕೆಲವು ಕೆಲಸ ಬರೆದಿರುತ್ತದೆ. ಇದನ್ನು ಓದುವವರು ಯಾರು ಎಂದು ವಿಂಡೋಸನ್ನು ಕೇಳುತ್ತವೆ. ವಿಂಡೋಸ್ ರಿಜಿಸ್ಟ್ರಿ ಎಂಬ ತನ್ನ ದೊಡ್ಡ ದಾಖಲೆ ಪುಸ್ತಕ ಬಿಡಿಸಿ ನೋಡುತ್ತದೆ. ಓದಬಲ್ಲ ಫೈಲು ಡಿಸ್ಕಿನಲ್ಲಿ ಇದ್ದೇ ಇದೆ. ಆದರೆ ಪುಸ್ತಕದಲ್ಲಿ ಅದರ ವಿಳಾಸ ಬರೆದಿಲ್ಲವಾದರೆ ವಿಂಡೋಸಿನ ಮಟ್ಟಿಗೆ ಅದು ಇಲ್ಲ.

ಅವಳು ಆ ದಾಖಲೆ ಪುಸ್ತಕ ನೋಡಿದಳು. ವಿಳಾಸ ಇರಬೇಕಾದ ಜಾಗ ಖಾಲಿ. ಮತ್ತೆ ಬರೆಸುವುದು ಕಷ್ಟದ ಕೆಲಸವಲ್ಲ. ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ತೆರೆದು, ರೆಗ್‌ಎಸ್‌ವಿಆರ್32 ಎಂಬ ಆಜ್ಞೆ ಕೊಟ್ಟು, ಜಾಗ ಬಿಟ್ಟು ಸ್ಕ್ರಿಪ್ಟ್ ಓದುವ ಆ ವಿಬಿಸ್ಕ್ರಿಪ್ಟ್ ಫೈಲಿನ ಹೆಸರು ಬರೆದಳು. ತಂತ್ರಾಂಶ ಹಳೆಯದಾದ್ದರಿಂದ ಅದು ಹುಡುಕುವ ಇನ್ನೊಂದು ಫೋಲ್ಡರಿನಲ್ಲಿದ್ದ ಅದೇ ಫೈಲಿನ ಪ್ರತಿಗೂ ಹಾಗೇ ಮಾಡಿದಳು. ಎರಡು ಸಲವೂ ಪುಟ್ಟ ಕಿಟಕಿಯೊಂದು ಎದ್ದು, ನೋಂದಣಿ ಯಶಸ್ವಿ ಎಂದಿತು. ಉಮೇಶ ಆ ಇಂಗ್ಲಿಷ್ ಪದವನ್ನು ಜೋರಾಗಿ ಓದಿ, ಅಪ್ಪನಿಗೆ ಕೇಳುವಂತೆ ಇನ್ನೊಮ್ಮೆ ಓದಿದ. ಅನಸೂಯಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಸಿ.ಡಿ. ತಿರುಗಿತು. ಪಟ್ಟಿ ತುಂಬುತ್ತ ಬಂದು ಅರ್ಧದಲ್ಲಿ ನಿಂತಿತು. ಎರಡು, ಏಳು, ಮೂರು, ಎಂಟು.

“ಪಾಸಾದ ಅಂದ್ರು, ಮಾರ್ಕ್ಸ್ ಕಾರ್ಡ್ ಬರ್ನಿಲ್ಲ,” ಎಂದರು ಬಸವಯ್ಯ ಗೋಡೆಗೆ.

ಯಶಸ್ವಿ ಎಂದು ಯಂತ್ರವೇ ಹೇಳಿದ ಮೇಲೂ ಆಗಿಲ್ಲವೆಂದರೆ, ತಾನು ಅಂದುಕೊಂಡ ಕಾರಣ ಪೂರ್ತಿ ಕಾರಣವಲ್ಲ. ಇಂಥ ಹೊತ್ತಿನಲ್ಲಿ ಕೈಗೆ ಬಂದದ್ದನ್ನೆಲ್ಲ ಒತ್ತುವ ಚಪಲವಾಗುತ್ತದೆ. ಅವಳು ಕುರ್ಚಿ ಹಿಂದೆ ಸರಿಸಿ, ಇಲ್ಲಿಯವರೆಗೆ ಮಾಡಿದ್ದನ್ನು ತನ್ನ ನೋಟ್ ಪುಸ್ತಕದಲ್ಲಿ ಬರೆದು, ಊಟ ಕೊಡಿ ಎಂದಳು.

ಊಟವಾದ ಮೇಲೆ ಬಸವಯ್ಯ ಒಳಗೆ ಮಲಗಿದರು. ಉಮೇಶ ಬೀದಿಗೆ ಹೋದ. ಅನಸೂಯಮ್ಮ ಮಗ್ಗದ ಹಿಂದೆ ಕೂತು ಕಡಿದ ಎಳೆ ಜೋಡಿಸತೊಡಗಿದರು. ನಾಗಶ್ರೀ ಪಕ್ಕದಲ್ಲಿ ಕೂತಳು. ಸೆರಗು ಹೇಗಿದೆ ಎಂದು ಕೇಳಿದಳು, ಸುಮ್ಮನೆ. ಅನಸೂಯಮ್ಮ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ಯಜಮಾನರು ಬರೆದಿದ್ದು ನೆಟ್ಟಗಿನ ಕೊಂಬೆ ಎಂದರು. ಹುಣಸೆ ಹೂವು ಎಲ್ಲಾದರೂ ನೆಟ್ಟಗೆ ನಿಲ್ಲುತ್ತದೆಯೇ? ತಿಳಿಹಳದಿ ಎಸಳು, ಅದರ ಮೇಲೆ ಕೆಂಪು ನರ, ಗೊಂಚಲು ಭಾರಕ್ಕೆ ಕೆಳಗೆ ಬಾಗಿರುತ್ತದೆ. ಅವರು ಮಲಗಿದ ಹೊತ್ತಿನಲ್ಲಿ ನಾನು ಕೊಂಬೆಯನ್ನು ಬಗ್ಗಿಸಿದೆ. ಅವರಿಗೆ ಇನ್ನೂ ಗೊತ್ತಿಲ್ಲ. ನೇಯ್ದ ಮೇಲೆ ನೋಡಲಿ ಎಂದು ಸುಮ್ಮನಿದ್ದೆ ಎಂದರು.

ಹಾಗಾದರೆ ಹಳೆಯ ಗ್ರಾಫ್ ಹಾಳೆಯಿಂದ ಮತ್ತೆ ಶುರುಮಾಡಿದರೂ ಆ ಸೆರಗು ಬರುವುದಿಲ್ಲ. ಅದು ಇರುವುದು ಆ ಒಂದು ಫೈಲಿನಲ್ಲಿ ಮಾತ್ರ. ನಾಗಶ್ರೀಗೆ ಈಗ ಸೋಮವಾರ ಇನ್ನಷ್ಟು ಹತ್ತಿರ ಕಂಡಿತು.

ಅನಸೂಯಮ್ಮ ಒಂದು ಎಳೆಯನ್ನು ಬೆರಳಿನಲ್ಲಿ ಮೀಟಿ, ತಲೆಯಾಡಿಸಿ, ಅದರ ಗಂಟು ಬಿಚ್ಚಿದರು. ಅದು ಕಡಿದ ಎಳೆಯಲ್ಲ, ಬಿಗಿಯಾಗಿಯೇ ಇತ್ತು. ಏಕೆ ಬಿಚ್ಚಿದಿರಿ ಎಂದು ಅವಳು ಕೇಳಿದಳು.

“ನೆನ್ನೆ ಕತ್ತಲೆಗಣ್ಣಲ್ಲಿ ಪಕ್ಕದ ಎಳೆ ಓಗೋ ಕಣ್ಣಿಗೆ ಕಟ್ಬುಟ್ಟಿವ್ನಿ ಕಣ್ ಕೂಸೆ,” ಎಂದರು. “ಎಳೆ ಅದೆ, ಬಿಗೀನೂ ಅದೆ, ನೋಡ್ದೋರಿಗೆ ಎಲ್ಲಾ ಸರಿಯಾಗೇ ಕಾಣ್ತದೆ. ನೇಯ್ಗೆ ಬರಕಿಲ್ಲ. ಮೊದ್ಲು ತಪ್ಪು ಗಂಟು ಬಿಚ್ಬೇಕು. ಅದ ಬಿಚ್ದಲೇ ಇನ್ನೊಂದು ಎಳೆ ಕೊಟ್ರೆ ಏನ್ ಬಂತು?”

ಹೇಳಿ, ಅವಳ ಮುಖ ನೋಡದೆ ಮತ್ತೆ ತಲೆ ತಗ್ಗಿಸಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಒಂದೇ ಗಂಟಿನ ಮೇಲೆ ಅವರ ಬೆರಳು ನಿಂತಿತ್ತು.

ನಾಗಶ್ರೀ ಎದ್ದು ಕಂಪ್ಯೂಟರಿಗೆ ಹೋದಳು. ರಿಜಿಸ್ಟ್ರಿ ಪುಸ್ತಕದಲ್ಲಿ ಎರಡು ಭಾಗಗಳಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ: ಇಡೀ ಯಂತ್ರದ್ದು ಒಂದು, ಕೂತು ಬಳಸುವವರ ಹೆಸರಿನದು ಇನ್ನೊಂದು. ವಿಂಡೋಸ್ ಮೊದಲು ನೋಡುವುದು ಬಳಸುವವರ ಭಾಗವನ್ನು. ಆದರೆ ಹೊಸ ತಂತ್ರಾಂಶ ಕೂರಿಸುವ ಹೊತ್ತಿನಲ್ಲಿ ಅಲ್ಲಿ ಸಿಕ್ಕ ವಿಳಾಸವನ್ನು ನಂಬುವುದಿಲ್ಲ. ಯಾರೋ ಕೆಟ್ಟ ಉದ್ದೇಶಕ್ಕೆ ಬರೆದಿಟ್ಟಿರಬಹುದೆಂಬ ಎಚ್ಚರ. ಹಾಗೆಂದು ದೊಡ್ಡ ಭಾಗಕ್ಕೆ ಹೋಗಿ ನೋಡುವುದೂ ಇಲ್ಲ. ಓದುವವರು ಸಿಗಲಿಲ್ಲ ಎಂದು ಕೈಚೆಲ್ಲುತ್ತದೆ. ಅವಳು ಬೆಳಿಗ್ಗೆ ದೊಡ್ಡ ಭಾಗವನ್ನಷ್ಟೇ ನೋಡಿದ್ದಳು. ಈಗ ಇನ್ನೊಂದನ್ನು ತೆರೆದಳು. ಅಲ್ಲಿತ್ತು: ಅದೇ ಫೈಲು, ಅದೇ ವಿಳಾಸ, ಇರಬಾರದ ಜಾಗದಲ್ಲಿ.

ಇದನ್ನು ಇಲ್ಲಿ ಬರೆದವರು ಯಾರು? ಯಂತ್ರ ತಾನಾಗಿ ಬರೆಯುವುದಿಲ್ಲ. ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಒಂದು ಪೊರಕೆಯ ಚಿತ್ರ. ತಾನು ಮಾರುವ ಪ್ರತಿ ಹಳೆಯ ಯಂತ್ರಕ್ಕೂ ಅವಳೇ ಹಾಕಿಕೊಡುತ್ತಿದ್ದ, ಪುಕ್ಕಟೆ ಸಿಗುವ ಸ್ವಚ್ಛತೆಯ ಪ್ರೋಗ್ರಾಮು. ದಿನಕ್ಕೊಮ್ಮೆ ಎದ್ದು, ಪುಸ್ತಕದಲ್ಲಿ ಇಷ್ಟು ಬೇಡದ ನಮೂದುಗಳಿವೆ, ಗುಡಿಸಲೇ ಎಂದು ಕೇಳುತ್ತದೆ. ಅವಳು ಅದರ ದಿನಚರಿ ತೆರೆದಳು. ಯಂತ್ರ ಬಂದ ಮಾರನೆಯ ದಿನದಿಂದ, ಒಂದು ದಿನವೂ ತಪ್ಪದೆ, ಮಧ್ಯಾಹ್ನ ಮೂರರ ಆಸುಪಾಸಿಗೆ ಗುಡಿಸಲಾಗಿತ್ತು. ಮುನ್ನೂರ ಹನ್ನೆರಡು. ನಲವತ್ತು. ಹದಿನೇಳು. ಗುಡಿಸಿದ್ದರಲ್ಲಿ ಸ್ಕ್ರಿಪ್ಟ್ ಓದುವ ಫೈಲಿನ ವಿಳಾಸವೂ ಹೋಗಿತ್ತು. ಕೊನೆಯ ಸಾಲು ಮಾತ್ರ ಬೇರೆ. ಗುರುವಾರ, ಮೂರು ಗಂಟೆ ಹತ್ತು ನಿಮಿಷ: ತೆಗೆದದ್ದನ್ನು ವಾಪಸ್ ಹಾಕಲಾಗಿದೆ. ಗುಡಿಸುವ ಕೆಲಸ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುತ್ತಿತ್ತು; ವಾಪಸ್ ಹಾಕುವಾಗ ಮಾತ್ರ ಪ್ರೋಗ್ರಾಮಿಗೆ ದೊಡ್ಡ ಭಾಗಕ್ಕೆ ಬರೆಯುವ ಅಧಿಕಾರವಿರಲಿಲ್ಲ. ಬಳಸುವವರ ಭಾಗದಲ್ಲಿ ಬರೆದು ಕೈತೊಳೆದುಕೊಂಡಿತ್ತು.

ಗುರುವಾರ ಉಮೇಶ ಹನೂರಿಗೆ ಹೋಗಿದ್ದ. ಬೆಳಿಗ್ಗೆ ಅವನೇ ಹೇಳಿದ್ದ. ಮೂರು ಗಂಟೆಗೆ ಬಸವಯ್ಯ ಮಲಗಿರುತ್ತಾರೆ.

ನಾಗಶ್ರೀ ಮೌಸಿನಿಂದ ಕೈ ತೆಗೆದಳು. ಯಂತ್ರ ಕೊಟ್ಟ ದಿನ ಈ ಪೊರಕೆ ಏನೆಂದು ಅನಸೂಯಮ್ಮ ಕೇಳಿದ್ದು, ನೇಕಾರರ ಮನೆಗೆ ಅರ್ಥವಾಗಲೆಂದು ತಾನು ಜಾಣತನದಿಂದ ಹೇಳಿದ ಉತ್ತರ, ಎರಡೂ ಅವಳಿಗೆ ಅಕ್ಷರಶಃ ನೆನಪಾದವು. ನಿಮ್ಮ ಹಾಸಿನಲ್ಲಿ ಬಿಡಿ ಎಳೆ ಹೆಕ್ಕಲ್ವಾ ಅಮ್ಮ, ಹಾಗೆ ಇದರಲ್ಲಿ ಬಿಡಿ ಎಳೆ ಎಷ್ಟಿದೆ ಅಂತ ತೋರಿಸುತ್ತೆ. ಮುನ್ನೂರ ಹನ್ನೆರಡು ಬಿಡಿ ಎಳೆ ಎಂದು ಕಣ್ಣೆದುರು ಬರೆದು ತೋರಿಸಿದ ಮೇಲೆ ಸುಮ್ಮನೆ ಕೂರುವವರು ಬೇರೆ ಯಾರಾದರೂ ಇರಬಹುದು. ಅನಸೂಯಮ್ಮನ ಮುಂದೆ ಅದನ್ನಿಟ್ಟದ್ದು ಅವಳು.

ಬಸವಯ್ಯ ಎದ್ದು ಬಂದರು, ಉಮೇಶನೂ ಬಂದ. ಕಾರಣ ಸಿಕ್ಕಿತು ಎಂದು ನಾಗಶ್ರೀ ಹೇಳಿದಳು. ಪೊರಕೆಯ ಪ್ರೋಗ್ರಾಮು ಬೇಡದ್ದರ ಜೊತೆ ಬೇಕಾದ್ದನ್ನೂ ಗುಡಿಸಿದೆ, ಅದನ್ನು ಹಾಕಿಕೊಟ್ಟವಳು ತಾನು, ತಪ್ಪು ತನ್ನದು ಎಂದಳು. ಅಷ್ಟಕ್ಕೇ ಮುಗಿಸುವ ಇರಾದೆ ಅವಳದು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಸವಯ್ಯ ಬಿಡಲಿಲ್ಲ. “ಪೊರ್ಕೆ ಇಟ್ಟೋರು ನೀವು, ಸರಿ ಕಣವ್ವ. ಗುಡಿಸ್ದೋರು ಯಾರು?” ಎಂದು, ನಾಲ್ಕು ದಿನದಲ್ಲಿ ಮೊದಲ ಸಲ ಮಗನ ಮುಖ ನೇರ ನೋಡಿದರು. ಉಮೇಶ ಬಾಯಿ ತೆರೆದ.

“ಅವನ್ನ ಯಾಕ್ ನೋಡ್ತೀರಿ,” ಎಂದರು ಅನಸೂಯಮ್ಮ ಮಗ್ಗದ ಹಿಂದಿನಿಂದ. “ನಾನೇ ಒತ್ತಿದ್ದು. ದಿನಾ ಒತ್ತೀನಿ. ಸೊನ್ನೆ ಬರಗಂಟ ಒತ್ತೀನಿ. ಬುಧ್ವಾರ ಅದು ಕೆಟ್ಟೋಯ್ತು ಅಂದಾಗ ಎದೆ ಧಸಕ್ಕಂತು. ಮಾರ್ನೆ ದಿನ ಎಲ್ಲಾನೂ ತಿರ್ಗಾ ಹಾಕು ಅಂತ ಒತ್ದೆ. ಅದು ಎಲ್ಗೆ ಹಾಕ್ತೋ ನಂಗೇನ್ ಗೊತ್ತು.” ಮಗನ ಕಡೆ ನೋಡದೆಯೇ, “ನಾಕ್ ದಿನದಿಂದ ಹೇಳವ ಅಂತ ಬಂದು ಬಂದು ಒಳಕ್ ಓದೆ ಕಣ್ಲಾ,” ಎಂದರು.

ಉಮೇಶ ಅಮ್ಮನ ಹತ್ತಿರ ಹೋಗಿ ಮಗ್ಗದ ಕಂಬಕ್ಕೆ ಕೈಯಿಟ್ಟು ನಿಂತ. ಬಸವಯ್ಯ ತಮ್ಮ ನಡುಗುವ ಕೈಗಳನ್ನು ನೋಡಿಕೊಂಡರು. ಅವರು ಬೈಯುತ್ತಾರೆಂದು ನಾಗಶ್ರೀ ಕಾದಳು.

“ನಲವತ್ತೆಂಟು ವರ್ಷದಲ್ಲಿ ನನ್ ಹಾಸಲ್ಲೇ ಒಂದ್ ಎಳೆ ಬುಟ್ಟೋಳಲ್ಲ,” ಎಂದರು ಕೊನೆಗೆ. “ಇದ್ರಲ್ಲಿ ಬುಟ್ಟಾಳಾ?”

ಬೈಗುಳವೋ ಹೊಗಳಿಕೆಯೋ ಅವರಿಗೂ ಗೊತ್ತಿದ್ದಂತಿರಲಿಲ್ಲ.

ಉಳಿದದ್ದು ಒಂದೇ ನಮೂದು. ನಾಗಶ್ರೀ ಮೊದಲು ಅದರ ಪ್ರತಿಯೊಂದನ್ನು ತೆಗೆದಿಟ್ಟಳು. ಆಮೇಲೆ ಅನಸೂಯಮ್ಮನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು. ತಪ್ಪು ಗಂಟು ಇದು ಎಂದು ತೋರಿಸಿದಳು. ಅವರು ಕೈ ಹಿಂದಕ್ಕೆಳೆದುಕೊಂಡರು. ಇನ್ನು ತಾನು ಮುಟ್ಟುವುದಿಲ್ಲ, ನೀನೇ ತೆಗಿ ಎಂದರು. ತಾನು ಪಕ್ಕದಲ್ಲೇ ಇದ್ದೇನೆ, ಇದನ್ನೊಂದನ್ನೇ ಎಂದಳು ನಾಗಶ್ರೀ. ಅನಸೂಯಮ್ಮ ಕನ್ನಡಕ ಸರಿಮಾಡಿಕೊಂಡು, ಸಾಲಿನ ಮೇಲೆ ಬಾಣ ತಂದು, ಇದೇ ತಾನೇ, ಇದೇ ತಾನೇ ಎಂದು ಎರಡು ಸಲ ಕೇಳಿ ಒತ್ತಿದರು.

ದೊಡ್ಡ ಭಾಗದಲ್ಲಿ ಬೆಳಿಗ್ಗೆ ಬರೆಸಿದ ವಿಳಾಸ ಇತ್ತು. ಸಿ.ಡಿ. ತಿರುಗಿತು. ಪಟ್ಟಿ ಅರ್ಧಕ್ಕೆ ಬಂತು. ಅಲ್ಲಿ ನಿಂತಿತು. ಉಮೇಶ ಬೇರೆ ಕಡೆ ಮುಖ ತಿರುಗಿಸಿದ. ಮತ್ತೆ ಅಲುಗಿ, ಕೊನೆಯವರೆಗೆ ಹೋಯಿತು.

ಫೈಲನ್ನು ಅನಸೂಯಮ್ಮನೇ ತೆರೆದರು. ಪರದೆಯ ತುಂಬ ಚೌಕಗಳು, ದೂರದಿಂದ ನೋಡಿದರೆ ಹಳದಿ ಗೊಂಚಲುಗಳು, ಎಸಳಿಗೊಂದೊಂದು ಕೆಂಪು ನರ. ಬಸವಯ್ಯ ಗೋಡೆ ಬಿಟ್ಟು ಬಂದು ಹಿಂದೆ ನಿಂತರು. ತುಟಿಯಲ್ಲೇ ಎಣಿಸುತ್ತ ಹೋದರು, ಮೂರು ಮೇಲೆ, ಒಂದು ಕೆಳಗೆ. ಒಂದು ಕಡೆ ಎಣಿಕೆ ನಿಂತಿತು.

“ಇದು ನನ್ ಹಾಳೇಲಿರ್ನಿಲ್ಲ.”

“ಇರ್ನಿಲ್ಲ,” ಎಂದರು ಅನಸೂಯಮ್ಮ. “ನೀವು ಮಲಗಿದ್ರಿ.”

ಅವರು ಬಾಗಿ ನೋಡಿದರು. ಬೆರಳನ್ನು ಪರದೆಯ ಮುಂದೆ ತಂದು ಆ ಬಾಗಿದ ಕೊಂಬೆಯ ಗುಂಟ ಇಳಿಸಿದರು. ಬೆರಳು ನಡುಗುತ್ತಿತ್ತು; ಆದರೂ ತಿರುವು ತಪ್ಪಲಿಲ್ಲ. ಕೊನೆಯ ಗೊಂಚಲು ತಲುಪಿದ ಮೇಲೆ ನೆಟ್ಟಗಾಗಿ ಮಗನ ಕಡೆ ತಿರುಗಿದರು.

“ಏನ್ಲಾ ನಿಂತ್ಕಂಡು ನೋಡ್ತಿದ್ದೀಯೆ? ಪೆನ್ ಡ್ರೈವ್‌ಗೆ ಹಾಕು. ಹೊತ್ತು ಮುಳುಗಕೆ ಮುಂಚೆ ಒಂದ್ ಗೊಂಚಲಾದ್ರೂ ಬೀಳ್ಲಿ.”

ಮಗ್ಗ ಶುರುವಾದಾಗ ನಾಗಶ್ರೀ ಪೊರಕೆಯ ಪ್ರೋಗ್ರಾಮನ್ನು ತೆಗೆದುಹಾಕುತ್ತಿದ್ದಳು. ಅನಸೂಯಮ್ಮ ನೋಡುತ್ತ ನಿಂತಿದ್ದು, ಹಾಗಾದರೆ ಒಳಗಿನ ಬಿಡಿ ಎಳೆಗಳ ಗತಿಯೇನು ಎಂದು ಕೇಳಿದರು. ಅವುಗಳ ಪಾಡಿಗೆ ಇರಲಿ ಬಿಡಿ ಎಂದಳು. ಯಾವುದು ಬಿಡಿ, ಯಾವುದು ಎಲ್ಲಿಗೆ ಕಟ್ಟಿದೆ ಎಂದು ಹೊರಗಿನವರಿಗೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಅನಸೂಯಮ್ಮನಿಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ, ಮುಖದಲ್ಲಿ ಕಾಣುತ್ತಿತ್ತು.

ಬಸ್ಸಿನಲ್ಲಿ ಕೂತು ಅವಳು ನೋಟ್ ಪುಸ್ತಕ ತೆರೆದಳು. ದಿನಾಂಕ, ಯಂತ್ರ, ಲಕ್ಷಣ ಬೆಳಿಗ್ಗೆಯೇ ತುಂಬಿದ್ದವು. ಕಾರಣದ ಕಾಲಂ ಕಿರಿದು. ಅವಳು ಸಣ್ಣ ಅಕ್ಷರದಲ್ಲಿ ಬರೆದಳು: ಪೊರಕೆ ಹಾಕಿಕೊಟ್ಟವಳು ನಾನು, ಅದರ ಅರ್ಥವನ್ನೂ ತಪ್ಪಾಗಿ ಹೇಳಿಕೊಟ್ಟೆ. ಆಮೇಲೆ ಹಿಂದಿನ ಪುಟಗಳಿಗೆ ಹೋಗಿ, ಆ ಪ್ರೋಗ್ರಾಮು ಹಾಕಿಕೊಟ್ಟ ಇತರ ಯಂತ್ರಗಳಿಗೆಲ್ಲ ಒಂದೊಂದು ಗುರುತು ಮಾಡುತ್ತ ಬಂದಳು. ಹೊನ್ನೂರಿನಲ್ಲಿ ಒಂದು, ಯಳಂದೂರಿನಲ್ಲಿ ಮೂರು. ನಾಳೆಯಿಂದ ಒಂದೊಂದೇ ಮನೆಗೆ ಹೋಗಬೇಕು.

ಅಗರದ ಹತ್ತಿರ ಬಸ್ಸು ನಿಧಾನವಾದಾಗ ಅವಳ ತೋಳಿನ ಮೇಲೆ ಒಂದು ಹಳದಿ ಎಳೆ ಅಂಟಿಕೊಂಡಿರುವುದು ಕಾಣಿಸಿತು. ಇದನ್ನು ಅನಸೂಯಮ್ಮ ಹೇಗೆ ಬಿಟ್ಟರು ಎಂದು ಆಶ್ಚರ್ಯವಾಯಿತು. ಹೊರಡುವಾಗ ಅವರ ಕಣ್ಣೆಲ್ಲ ಮಗ್ಗದ ಮೇಲಿತ್ತು.